ನಾಯಿ, ಫೆರೆಟ್, ಮೊಲ: ಇಂಗ್ಲೆಂಡಿನ ಚಳಿಗಾಲದ ಬೇಟೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಚಳಿಗಾಲದ ಬೆಳಗಿನ ಹೊತ್ತು ನಡೆದಾಡುವವರಿಗೆ ಒಂದು ದೃಶ್ಯ ಕಂಡೇ ಕಾಣುತ್ತದೆ. ಹೊಲದಂಚಿನ ಗಿಡಬೇಲಿಯ ಬುಡದಲ್ಲಿ ಇಬ್ಬರು ಮಂಡಿಯೂರಿ ಕುಳಿತಿರುತ್ತಾರೆ, ಅವರ ಹಿಂದೆ ತೆಳು ಮೈಯ ನಾಯಿಯೊಂದು ಕಲ್ಲಿನಂತೆ ನಿಂತಿರುತ್ತದೆ, ಪಕ್ಕದಲ್ಲಿ ಗಾಳಿಕಿಂಡಿ ಕೊರೆದ ಮರದ ಪೆಟ್ಟಿಗೆಯೊಂದಿರುತ್ತದೆ, ಯಾರೂ ಮಾತನಾಡುತ್ತಿರುವುದಿಲ್ಲ. ಪೆಟ್ಟಿಗೆಯಲ್ಲಿರುವ ಫೆರೆಟ್ ಎಂಬ ಪುಟ್ಟ ಸಾಕುಪ್ರಾಣಿಯನ್ನು ಬಿಲದೊಳಗೆ ಬಿಟ್ಟು ಮೊಲ ಹಿಡಿಯುವ ಬೇಟೆ ಅದು. ನಾರ್ಫೋಕ್ ಕಡೆಯ ಒಂದು ಹಳ್ಳಿಯಲ್ಲಿ ನಾನು ಮೂರು ಚಳಿಗಾಲ ನೆರೆಯ ರೈತರೊಬ್ಬರ ಜೊತೆ ಹೋಗಿ, ಹೆಚ್ಚಾಗಿ ಬಲೆ ಹೊರುವುದು ಮತ್ತು ಸುಮ್ಮನಿರುವುದು ಎಂಬ ಎರಡೇ ಕೆಲಸ ಮಾಡಿ ನೋಡಿದ್ದೇನೆ. ಅಲ್ಲಿಗೆ ಹೊಸದಾಗಿ ಬಂದ ಕನ್ನಡಿಗ ಗೆಳೆಯರೂ ಊರಿನಲ್ಲಿರುವ ಬಂಧುಗಳೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಫೆರೆಟ್ ಎಂದರೆ ಯಾವ ಪ್ರಾಣಿ? ನಮ್ಮ ಮುಂಗುಸಿಯೇ?

ಅಲ್ಲ. ಉದ್ದ ಮೈ, ಗಿಡ್ಡ ಕಾಲು, ಚೂಪು ಮೂತಿ ಕಂಡ ಕೂಡಲೇ ಮುಂಗುಸಿ ನೆನಪಾಗುವುದು ಸಹಜವಾದರೂ ಫೆರೆಟ್ ನೀರುನಾಯಿಯ ಬಳಗಕ್ಕೆ ಸೇರಿದ್ದು. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಮನುಷ್ಯರು ಎರಡು ಸಾವಿರ ವರ್ಷಗಳಿಗೂ ಹಿಂದೆ ಪಳಗಿಸಿದ್ದರಿಂದ ಬಂದ ಸಾಕುಪ್ರಾಣಿ ಇದು. ಕ್ರಿಸ್ತಶಕದ ಆರಂಭದ ಹೊತ್ತಿಗೆ ಬರೆದ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಸ್ಪೇನಿನ ಜನರ ಒಂದು ಉಪಾಯವನ್ನು ದಾಖಲಿಸಿದ್ದಾನೆ. ಅವರು ಆಫ್ರಿಕಾದ ಕಡೆಯಿಂದ ತಂದ ಇಂಥ ಪ್ರಾಣಿಗಳ ಬಾಯಿಗೆ ಕುಕ್ಕೆ ಕಟ್ಟಿ ಮೊಲದ ಬಿಲದೊಳಗೆ ಬಿಡುತ್ತಿದ್ದರು. ಅವು ಮೊಲವನ್ನು ಉಗುರಿನಿಂದ ಎಳೆದು ತರುತ್ತಿದ್ದವು, ಇಲ್ಲವೆ ಹೊರಕ್ಕೆ ಓಡಿಸುತ್ತಿದ್ದವು, ಬಿಲದ ಬಾಯಲ್ಲಿ ಕಾದು ನಿಂತವರು ಹಿಡಿದುಕೊಳ್ಳುತ್ತಿದ್ದರು. ಬಾಯಿ ಕಟ್ಟುವುದೊಂದನ್ನು ಬಿಟ್ಟರೆ ಇಂದಿನ ಬೇಟೆಯೂ ಅದೇ.

ಗಂಡು ಫೆರೆಟ್ಟಿಗೆ ಹಾಬ್ ಎಂದೂ ಹೆಣ್ಣಿಗೆ ಜಿಲ್ ಎಂದೂ ಮರಿಗೆ ಕಿಟ್ ಎಂದೂ ಕರೆಯುತ್ತಾರೆ. ಹೆಣ್ಣು ಮುಕ್ಕಾಲು ಕಿಲೋ ಆಸುಪಾಸು ತೂಗಿದರೆ ಗಂಡು ಅದರ ಎರಡರಷ್ಟು ತೂಗುವುದುಂಟು. ದಿನಕ್ಕೆ 14ರಿಂದ 18 ಗಂಟೆ ನಿದ್ದೆ ಮಾಡುವ ಪ್ರಾಣಿಯಾದರೂ ಎಚ್ಚರವಾಗಿದ್ದಾಗ ಅದಕ್ಕೆ ಯಾವ ತೂತು ಕಂಡರೂ ಒಳಗೆ ಏನಿದೆ ಎಂದು ನೋಡಿಯೇ ತೀರಬೇಕು. ಬೇಟೆಗಾರರು ದುಡಿಸಿಕೊಳ್ಳುವುದು ಈ ಕುತೂಹಲವನ್ನೇ. ಬಿಲದ ಕೆಲಸಕ್ಕೆ ಸಣ್ಣ ಮೈಯ ಜಿಲ್ ಅನ್ನೇ ಹೆಚ್ಚಿನವರು ಇಷ್ಟಪಡುತ್ತಾರೆ, ಏಕೆಂದರೆ ಅದು ಹಾಸಿದ ಬಲೆಯ ಕಣ್ಣಿನಲ್ಲಿ ನುಸುಳಿ ಬಲೆ ಕದಲದಂತೆ ಹೊರಗೆ ಬರಬಲ್ಲದು.

ಬೇಟೆ ನಡೆಯುವುದು ಹೇಗೆ?

ಇಂಗ್ಲೆಂಡಿನ ಮೊಲಗಳು ನೆಲದೊಳಗೆ ಕವಲು ಕವಲಾಗಿ ಬಿಲ ತೋಡಿ ಗುಂಪಾಗಿ ಬದುಕುತ್ತವೆ. ಒಂದು ನೆಲೆಗೆ ಐದಾರು ಬಾಯಿಗಳಿರಬಹುದು, ಐವತ್ತೂ ಇರಬಹುದು. ಬೇಟೆಗಾರರು ಗಾಳಿಗೆ ಎದುರಾಗಿ, ಹೆಜ್ಜೆ ಸದ್ದಾಗದಂತೆ ಬರುತ್ತಾರೆ. ಮೊಲಕ್ಕೆ ನೆಲದ ಅದುರು ಕೂಡಲೇ ತಿಳಿಯುವುದರಿಂದ ಕಾರಿನ ಬಾಗಿಲನ್ನು ಜೋರಾಗಿ ಹಾಕಿದವನಿಗೆ ಅಲ್ಲೇ ಬೈಗುಳ ಸಿಗುತ್ತದೆ. ಮೊದಲು ನಾಯಿ ನೆಲೆಯ ಮೇಲೆ ನಡೆದು ಒಂದೊಂದೇ ಬಿಲವನ್ನು ಮೂಸುತ್ತದೆ. ಒಳಗೆ ಮೊಲವಿಲ್ಲದಿದ್ದರೆ ಮುಂದೆ ಹೋಗುತ್ತದೆ. ಇದ್ದರೆ ಮೈ ಬಿಗಿಹಿಡಿದು, ತಲೆ ಓರೆ ಮಾಡಿ, ಒಂದು ಮುಂಗಾಲು ಎತ್ತಿ ಆ ಬಾಯಿಯನ್ನೇ ನೋಡುತ್ತ ನಿಲ್ಲುತ್ತದೆ. ಇದಕ್ಕೆ ಅವರ ಮಾತಿನಲ್ಲಿ ಮಾರ್ಕ್ ಮಾಡುವುದು ಎನ್ನುತ್ತಾರೆ.

ಆಮೇಲೆ ಪೊದೆಯಲ್ಲಿ ಅಡಗಿರುವುದನ್ನೂ ಬಿಡದೆ ಪ್ರತಿ ಬಾಯಿಗೂ ಪರ್ಸ್ ನೆಟ್ ಎಂಬ ಸಂಚಿಯಂಥ ಬಲೆ ಹಾಸುತ್ತಾರೆ. ಬಲೆಯ ಅಂಚಿನಲ್ಲಿ ಓಡಾಡುವ ದಾರವನ್ನು ಒಂದು ಗೂಟಕ್ಕೆ ಕಟ್ಟಿ ನೆಲಕ್ಕೆ ಊರಿರುತ್ತದೆ. ಮೊಲ ರಭಸದಿಂದ ಬಂದು ಬಲೆಗೆ ತಲೆ ಕೊಟ್ಟ ಕೂಡಲೇ ಆ ದಾರ ಬಿಗಿದು, ಹಿಂದೆ ನಮ್ಮ ಹಿರಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆಯ ಸಂಚಿಯ ಹಾಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಬಲೆಗಳೆಲ್ಲ ಬಿದ್ದ ಮೇಲೆ ಒಂದು ಬಾಯಿಯ ಬಲೆಯನ್ನು ತುಸು ಎತ್ತಿ ಫೆರೆಟ್ಟನ್ನು ಒಳಗೆ ಬಿಡುತ್ತಾರೆ. ಉಳಿದದ್ದು ಕಾಯುವ ಕೆಲಸ.

ಮೊಲ ಬಲೆಗೆ ಬಿದ್ದೊಡನೆ ಪಳಗಿದ ಕೈಯವರು ಅದರ ಕುತ್ತಿಗೆಯ ಮೂಳೆಯನ್ನು ಒಂದೇ ಎಳೆತಕ್ಕೆ ಕಳಚಿ ಕೊಲ್ಲುತ್ತಾರೆ, ತಕ್ಷಣ ಆ ಬಾಯಿಗೆ ಇನ್ನೊಂದು ಬಲೆ ಹಾಸುತ್ತಾರೆ. ಕಣ್ತಪ್ಪಿ ಉಳಿದ ಬಾಯಿಯಿಂದ ಹಾರಿ ಓಡಿದ ಮೊಲ ನಾಯಿಯ ಪಾಲು.

ಇದರಲ್ಲಿ ಸಂತೋಷಪಡುವಂಥದ್ದು ಏನಿದೆ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಬೇಟೆಗಾರರನ್ನು ಕೇಳಿದರೆ ಮೊದಲು ಬರುವ ಉತ್ತರ, ಮೊಲಗಳು ಬೆಳೆ ತಿನ್ನುತ್ತವೆ, ರೈತರಿಗೆ ಉಪಕಾರ ಮಾಡುತ್ತಿದ್ದೇವೆ ಎಂಬುದು. ಆ ಮಾತು ಸುಳ್ಳಲ್ಲವಾದರೂ ಅದು ಅಪರಿಚಿತರಿಗೆ ಕೊಡುವ ಉತ್ತರವೆಂದು ನನಗೆ ಅನ್ನಿಸಿದೆ. ಬೇರೆಯವರ ಬಾರ್ಲಿಯನ್ನು ಉಳಿಸಲೆಂದು ಯಾರೂ ಹಿಮ ಕಟ್ಟಿದ ಬೆಳಗಿನ ಕತ್ತಲಲ್ಲಿ ಎದ್ದು, ಬೆರಳು ಮರಗಟ್ಟುವವರೆಗೆ ಗೂಟ ಊರುತ್ತ ಕೂರುವುದಿಲ್ಲ. ಎರಡನೆಯ ಚಳಿಗಾಲದಲ್ಲಿ, ನಾನು ಹಾಸಿದ ಬಲೆಗಳು ಮೊಲ ಬಂದಾಗ ಮುಚ್ಚಿಕೊಳ್ಳತೊಡಗಿದ ಮೇಲೆ, ನಮ್ಮ ರೈತರೇ ಆ ಉತ್ತರವನ್ನು ಬಿಟ್ಟು ಬೇರೆ ಮಾತನಾಡತೊಡಗಿದರು.

ನಾನು ಕಂಡ ಹಾಗೆ ಸಂತೋಷದ ತಿರುಳು ಇರುವುದು ಕಾಣದ ಸಂಗತಿಯನ್ನು ಬೇರೆ ಜೀವಿಗಳ ಮೂಲಕ ಅರಿಯುವುದರಲ್ಲಿ. ನೆಲದ ಕೆಳಗೆ ಏನು ನಡೆಯುತ್ತಿದೆ ಎಂಬುದು ಮೇಲೆ ಕುಳಿತ ಮನುಷ್ಯನಿಗೆ ಗೊತ್ತಾಗುವುದಿಲ್ಲ. ಅವನ ಮೂಗು ಮೊಂಡು, ಕಿವಿ ಮಂದ. ನಾಯಿ ಮೂಸಿ ಇಲ್ಲಿದೆ ಎನ್ನುತ್ತದೆ, ಅದನ್ನು ನಂಬಬೇಕು. ಫೆರೆಟ್ ಕಣ್ಣಿಗೆ ಮರೆಯಾಗುತ್ತದೆ, ಅದನ್ನೂ ನಂಬಬೇಕು. ಆ ಮೇಲಿನ ಐದು ಅಥವಾ ಹದಿನೈದು ನಿಮಿಷ ಮನುಷ್ಯ, ನಾಯಿ ಇಬ್ಬರೂ ಉಸಿರು ಬಿಗಿಹಿಡಿದು ಒಂದೇ ತೂತನ್ನು ನೋಡುತ್ತಿರುತ್ತಾರೆ. ಮೊಲವು ಅಪಾಯ ಕಂಡು ಹಿಂಗಾಲಿನಿಂದ ನೆಲ ಬಡಿಯುವ ಮೊಂಡು ಸದ್ದು ಮೊದಲು ತಿಳಿಯುವುದು ಕಿವಿಗಲ್ಲ, ನೆಲಕ್ಕೂರಿದ ಮಂಡಿಗೆ. ನಾಯಿಯ ಮೈ ನಡುಗತೊಡಗುತ್ತದೆ. ನೆಲದಡಿ ದಡದಡ ಸದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ. ಈ ಗಳಿಗೆಯ ಬಗ್ಗೆ ಅವರು ಮಾತನಾಡುವಷ್ಟು ಬಲೆಗೆ ಬಿದ್ದ ಮೊಲದ ಬಗ್ಗೆ ಮಾತನಾಡುವುದಿಲ್ಲ.

ಆದರೆ ಹಿಡಿಯುವ ರೋಮಾಂಚವೇ ಇಲ್ಲವೆಂದು ಹೇಳಿದರೆ ಅದು ಮರೆಮಾಚಿದಂತಾಗುತ್ತದೆ. ಬಲೆ ಬಿಗಿದ ಕ್ಷಣ ಎದೆ ಹಾರುತ್ತದೆ, ಅಲ್ಲಿಗೆ ಬರಿಯ ಪ್ರೇಕ್ಷಕನಾಗಿ ಹೋಗಿದ್ದ ನನ್ನದೂ ಹಾರಿತು. ಅದಾದ ಮರುಕ್ಷಣ ಕೈಯಲ್ಲಿ ಬೆಚ್ಚಗಿನ ಮೊಲವೊಂದು ಸತ್ತಿರುತ್ತದೆ ಎಂಬುದೂ ನಿಜ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡು ಮಾತನಾಡುವವರು ಆ ಗುಂಪಿನಲ್ಲಿ ಇದ್ದಾರೆ, ಒಪ್ಪಿಕೊಳ್ಳದವರೂ ಇದ್ದಾರೆ.

ಇದಲ್ಲದೆ ಕೈಕಸುಬಿನ ಸುಖವೂ ಇದೆ. ಹಲವರು ಬೇಸಿಗೆಯ ಸಂಜೆಗಳಲ್ಲಿ ಬಲೆಯನ್ನು ತಾವೇ ಹೆಣೆಯುತ್ತಾರೆ, ಹೇಜಲ್ ಮರದ ಕೋಲು ಕೆತ್ತಿ ಗೂಟ ಮಾಡುತ್ತಾರೆ. ಸೆಣಬಿನಂಥ ನಾರಿನ ದಾರ ಒಳ್ಳೆಯದೋ ನೈಲಾನ್ ಒಳ್ಳೆಯದೋ, ಹಾಬ್ ಮೇಲೋ ಜಿಲ್ ಮೇಲೋ ಎಂಬ ಚರ್ಚೆಗೆ ಕೊನೆಯೇ ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ನಮ್ಮ ಗಾದೆಯನ್ನು ಅಕ್ಷರಶಃ ಬಳಸಲು ನನಗೆ ಸಿಕ್ಕ ಒಂದೇ ಸಂದರ್ಭವದು. ಅದನ್ನು ಇಂಗ್ಲಿಷಿನಲ್ಲಿ ವಿವರಿಸಹೋಗಿ ಸೋತೆ.

ಯಾವ ನಾಯಿ ಇದಕ್ಕೆ ಬೇಕು?

ಹೆಚ್ಚಾಗಿ ಲರ್ಚರ್. ಇದು ಶುದ್ಧ ತಳಿಯಲ್ಲ. ಗ್ರೇಹೌಂಡ್ ಅಥವಾ ವಿಪ್ಪೆಟ್‌ನಂಥ ಓಟದ ನಾಯಿಯನ್ನು ಕುರಿ ಕಾಯುವ ಕಾಲಿಯೊಡನೆಯೋ ಬೆಡ್ಲಿಂಗ್ಟನ್ ಟೆರಿಯರ್‌ನೊಡನೆಯೋ ಕೂಡಿಸಿ ಪಡೆದ ಬೆರಕೆ. ಓಟ ಒಂದು ಕಡೆಯಿಂದ, ಬುದ್ಧಿ ಅಥವಾ ಹಟ ಇನ್ನೊಂದು ಕಡೆಯಿಂದ ಬರಲಿ ಎಂಬುದು ಲೆಕ್ಕ. ಶುದ್ಧ ವಿಪ್ಪೆಟ್ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಆದರೆ ಮೊಲ ಬಿಲಕ್ಕೆ ಓಡುವ ದೂರ ಹಲವು ಸಲ ಮೂವತ್ತು ನಲವತ್ತು ಗಜವಷ್ಟೇ ಇರುವುದರಿಂದ ವೇಗಕ್ಕಿಂತ ಊಹೆ ಮುಖ್ಯ. ಅನುಭವಿ ನಾಯಿ ಮೊಲದ ಹಿಂದೆ ಓಡುವುದಿಲ್ಲ. ಮೊಲ ಎಲ್ಲಿಗೆ ತಿರುಗುತ್ತದೆ ಎಂದು ಎಣಿಸಿ ಅಲ್ಲಿಗೆ ಓಡುತ್ತದೆ, ಹಿಡಿದದ್ದನ್ನು ಕಚ್ಚಿ ಹಾಳುಮಾಡದೆ ಒಡೆಯನ ಕೈಗೆ ತಂದೊಪ್ಪಿಸುತ್ತದೆ.

ಖಾಲಿ ಬಿಲದ ಮುಂದೆ ಸುಳ್ಳೇ ನಿಲ್ಲುವ ನಾಯಿಗೆ ಆ ವಲಯದಲ್ಲಿ ಮರ್ಯಾದೆಯಿಲ್ಲ. ನನ್ನ ನೆರೆಯವರ ಹಳೆಯ ಲರ್ಚರ್ ಹೆಣ್ಣುನಾಯಿ ಒಮ್ಮೆ ಮೂರು ಹೆಜ್ಜೆ ಅಗಲದ, ಹುಲ್ಲು ಮುಚ್ಚಿದ, ಯಾರ ಕಣ್ಣಿಗೂ ಪಾಳುಬಿದ್ದಂತೆ ಕಾಣುವ ಬಿಲಗಳ ನೆಲೆಯೊಂದರ ಮುಂದೆ ನಿಂತು ಕದಲಲಿಲ್ಲ. ಅವರು ನಗುತ್ತಲೇ ಬಲೆ ಹಾಸಿದರು. ಅದರಿಂದ ನಾಲ್ಕು ಮೊಲ ಬಂದವು. ಆ ದಿನ ಸಂಜೆ ಊರಿನ ಪಬ್ಬಿನಲ್ಲಿ ಅವರು ಹೇಳಿದ್ದು ಮೊಲಗಳ ಕತೆಯಲ್ಲ, ನಾಯಿಯ ಕತೆ.

ನಾಯಿ ಫೆರೆಟ್ಟನ್ನೇ ಕಚ್ಚುವುದಿಲ್ಲವೇ?

ಕಲಿಸದಿದ್ದರೆ ಖಂಡಿತ ಕಚ್ಚುತ್ತದೆ. ಅದಕ್ಕಾಗಿಯೇ ನಾಯಿಮರಿಯನ್ನು ಚಿಕ್ಕಂದಿನಿಂದ ಫೆರೆಟ್ಟುಗಳ ಜೊತೆ ಬೆಳೆಸುತ್ತಾರೆ, ಒಂದೇ ತಟ್ಟೆಯಲ್ಲಿ ಹಾಲು ಕುಡಿಯಬಿಡುವವರೂ ಇದ್ದಾರೆ. ಬಿಲದ ಬಾಯಲ್ಲಿ ಕಂದು ಬಣ್ಣದ ಮೂತಿಯೊಂದು ಫಕ್ಕನೆ ಕಂಡಾಗ ಅದು ಮೊಲವೋ ಗೆಳೆಯನೋ ಎಂದು ಅರೆಕ್ಷಣದಲ್ಲಿ ನಿರ್ಧರಿಸುವುದು ನಾಯಿಯ ಪಾಲಿಗೆ ಸಣ್ಣ ಪರೀಕ್ಷೆಯಲ್ಲ. ಬೇಟೆಗೆ ಬಿಳಿ ಫೆರೆಟ್ಟನ್ನೇ ಇಷ್ಟಪಡುವವರು ಕೊಡುವ ಕಾರಣಗಳಲ್ಲಿ ಇದೂ ಒಂದು.

ಫೆರೆಟ್ ಒಳಗೇ ಉಳಿದುಬಿಟ್ಟರೆ ಏನು ಮಾಡುತ್ತಾರೆ?

ಇದು ಆ ಹವ್ಯಾಸದ ದೊಡ್ಡ ತಲೆನೋವು. ಕುರುಡು ಕೊನೆಯ ಸುರಂಗದಲ್ಲಿ ಮೊಲ ಸಿಕ್ಕಿಹಾಕಿಕೊಂಡರೆ ಫೆರೆಟ್ ಅದನ್ನು ಅಲ್ಲೇ ಕೊಂದು, ತಿಂದು, ಪಕ್ಕದಲ್ಲೇ ಮಲಗಿಬಿಡುತ್ತದೆ. ಹಸಿದ ಫೆರೆಟ್ ಚುರುಕಾಗಿ ಕೆಲಸ ಮಾಡುತ್ತದೆ ಎಂಬ ನಂಬಿಕೆ ಹೊಸಬರಲ್ಲಿ ಇರುತ್ತದೆ. ನಿಜದಲ್ಲಿ ಹೊಟ್ಟೆಗಿಲ್ಲದ ಫೆರೆಟ್ಟೇ ಒಳಗೆ ಕೊಂದು ತಿಂದು ಮಲಗುವುದು ಹೆಚ್ಚು, ಆದ್ದರಿಂದ ತಿಳಿದವರು ಹೊರಡುವ ಮುನ್ನ ಸ್ವಲ್ಪ ತಿನ್ನಿಸಿಯೇ ಹೊರಡುತ್ತಾರೆ.

ಹಿಂದಿನ ಕಾಲದಲ್ಲಿ ಇಂಥ ಹೊತ್ತಿಗೆಂದು ಬಲಿಷ್ಠ ಹಾಬ್ ಒಂದನ್ನು ಬೇರೆಯಾಗಿ ಸಾಕುತ್ತಿದ್ದರು. ಅದರ ಕೊರಳಿಗೆ ಅಳತೆಯ ಗಂಟು ಹಾಕಿದ ಹಗ್ಗ ಕಟ್ಟಿ ಒಳಗೆ ಬಿಟ್ಟರೆ ಅದು ಹೋಗಿ ಜಿಲ್ ಅನ್ನು ಓಡಿಸಿ ಮೊಲದ ಹತ್ತಿರ ನಿಲ್ಲುತ್ತಿತ್ತು, ಎಷ್ಟು ಗಂಟು ಒಳಗೆ ಹೋಗಿದೆ ಎಂದು ಎಣಿಸಿ, ಹಗ್ಗದ ಜಾಡು ಹಿಡಿದು ಅಗೆಯುತ್ತಿದ್ದರು. ಈಗ ಪ್ರತಿ ಫೆರೆಟ್ಟಿನ ಕೊರಳಪಟ್ಟಿಯಲ್ಲೂ ಪುಟ್ಟ ಟ್ರಾನ್ಸ್‌ಮಿಟರ್ ಇರುತ್ತದೆ. ಮೇಲೆ ರಿಸೀವರ್ ಹಿಡಿದು ನಡೆದರೆ ಬೀಪ್ ಸದ್ದು ಜಾಗವನ್ನೂ ಆಳವನ್ನೂ ತಿಳಿಸುತ್ತದೆ. ಆಮೇಲೆ ಗುದ್ದಲಿಯ ಕೆಲಸ. ಅಗೆದ ಗುಂಡಿಯನ್ನು ಮುಚ್ಚಿ ಹುಲ್ಲುಹಾಸಿನ ಹೆಂಟೆಯನ್ನು ಮೊದಲಿದ್ದಂತೆ ಕೂರಿಸದಿದ್ದರೆ ಆ ರೈತ ಮರುವರ್ಷ ಗೇಟು ತೆರೆಯುವುದಿಲ್ಲ.

ಕೋವಿಯಿಂದ ಹೊಡೆಯುವುದು ಸುಲಭವಲ್ಲವೇ?

ಸುಲಭ, ಹಲವರು ಹಾಗೆಯೇ ಮಾಡುತ್ತಾರೆ. ಆದರೆ ಮನೆ, ಕುದುರೆಲಾಯ, ರೈಲ್ವೆ ಏರಿ, ಸ್ಮಶಾನಗಳ ಹತ್ತಿರ ಕೋವಿ ನಡೆಯುವುದಿಲ್ಲ. ಬಲೆಗೆ ಸದ್ದಿಲ್ಲ, ಮಾಂಸದಲ್ಲಿ ಸೀಸದ ಚೂರೂ ಉಳಿಯುವುದಿಲ್ಲ.

ಕುದುರೆ ಏರಿ ಕೆಂಪು ಕೋಟು ತೊಟ್ಟು ಹೋಗುವ ಬೇಟೆಯಂತೆ ಇದೂ ಸಿರಿವಂತರ ವಿನೋದವೇ?

ತೀರ ತಿರುಗುಮುರುಗು. ಈ ಬೇಟೆಯ ಹಿಂದೆ ಇರುವುದು ಬಡವರ ಚರಿತ್ರೆ.

ಮೊಲ ಬ್ರಿಟನ್ನಿನ ಮೂಲ ಪ್ರಾಣಿಯಲ್ಲ, ಅದರ ತವರು ಸ್ಪೇನ್ ಮತ್ತು ಪೋರ್ಚುಗಲ್. ರೋಮನ್ನರ ಕಾಲದ ಮೊಲದ ಮೂಳೆ ಒಂದೆರಡು ಸಿಕ್ಕಿವೆಯಾದರೂ ಮೊಲಗಳು ಅಲ್ಲಿ ನೆಲೆಯೂರಿದ್ದು ಫ್ರಾನ್ಸಿನ ಕಡೆಯ ನಾರ್ಮನ್ನರು ಬಂದು ಇಂಗ್ಲೆಂಡನ್ನು ಗೆದ್ದ ಮೇಲೆ, 12ನೆಯ ಶತಮಾನದಿಂದೀಚೆಗೆ. ಆಗ ಅದು ಕಾಡುಪ್ರಾಣಿಯಾಗಿರಲಿಲ್ಲ. ಪ್ರಭುಗಳೂ ಮಠಗಳೂ ಮಾಂಸಕ್ಕಾಗಿ, ತುಪ್ಪಳಕ್ಕಾಗಿ ಮಣ್ಣಿನ ದಿಬ್ಬ ಕಟ್ಟಿಸಿ ಕಾವಲಿಟ್ಟು ಸಾಕುತ್ತಿದ್ದ ಸ್ವತ್ತಾಗಿತ್ತು. ನಾರ್ಫೋಕ್‌ನ ಥೆಟ್‌ಫರ್ಡ್ ಬಳಿ ಸುಮಾರು 1400ರಲ್ಲಿ ಅಲ್ಲಿನ ಮಠದವರು ಮೊಲದ ಕಾವಲುಗಾರನಿಗಾಗಿ ಕಟ್ಟಿಸಿದ ಕಲ್ಲಿನ ಮನೆ ಇಂದಿಗೂ ನಿಂತಿದೆ. ಅದರ ಗೋಡೆಗಳ ದಪ್ಪ ನೋಡಿದರೆ ಪುಟ್ಟ ಕೋಟೆ ಎನ್ನಬೇಕು, ಅಷ್ಟು ಹೆದರಿಕೆ ಮೊಲಗಳ್ಳರದು. 1390ರಲ್ಲಿ ದೊರೆ ಎರಡನೆಯ ರಿಚರ್ಡನ ಆಳ್ವಿಕೆಯ ಕಾಯಿದೆಯೊಂದು, ವರ್ಷಕ್ಕೆ 40 ಶಿಲ್ಲಿಂಗ್ ಹುಟ್ಟುವಳಿಯ ಭೂಮಿ ಇಲ್ಲದ ಸಾಮಾನ್ಯನು ಬೇಟೆನಾಯಿಯನ್ನಾಗಲಿ ಫೆರೆಟ್ಟನ್ನಾಗಲಿ ಬಲೆಯನ್ನಾಗಲಿ ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಕಾಯಿದೆ ಮಾಡಿ ತಡೆಯಬೇಕಾಯಿತು ಎಂದರೆ ಅಷ್ಟು ಜನ ಇಟ್ಟುಕೊಂಡಿದ್ದರು ಎಂದೇ ಅರ್ಥ.

ಸಿರಿವಂತರ ಮನೆಯ ಹೆಂಗಸರಿಗೂ ಈ ಬೇಟೆ ಗೊತ್ತಿತ್ತು. 14ನೆಯ ಶತಮಾನದ ಆರಂಭದಲ್ಲಿ ತಯಾರಾದ, ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವ ಕ್ವೀನ್ ಮೇರಿ ಸಾಲ್ಟರ್ ಎಂಬ ಚಿತ್ರಿತ ಪ್ರಾರ್ಥನಾಗ್ರಂಥದ ಅಂಚಿನಲ್ಲಿ ಇಬ್ಬರು ಹೆಂಗಸರು ಫೆರೆಟ್ ಬಿಟ್ಟು ಬಲೆಯಲ್ಲಿ ಮೊಲ ಹಿಡಿಯುತ್ತಿರುವ ಚಿತ್ರವಿದೆ. ಮುಂದೆ ಕಲ್ಲಿದ್ದಲು ಗಣಿಗಳ ಕಾಲಕ್ಕೆ ಇದು ಉತ್ತರ ಇಂಗ್ಲೆಂಡಿನ ಕೂಲಿಕಾರರ ಹವ್ಯಾಸವಾಗಿ ಬೇರೂರಿತು. ವಾರವಿಡೀ ನೆಲದೊಳಗೆ ದುಡಿದವರು ರಜೆಯ ದಿನ ಬಯಲಿಗೆ ಬಂದು ಮತ್ತೆ ನೆಲದೊಳಗಿನ ವ್ಯವಹಾರಕ್ಕೇ ಕಿವಿಗೊಡುತ್ತಿದ್ದರು ಎಂಬುದು ನನಗೆ ಸೋಜಿಗವೆನಿಸುತ್ತದೆ. ಗ್ರೇಹೌಂಡ್ ಸಾಕಲಾರದವರು ವಿಪ್ಪೆಟ್ ಸಾಕಿದರು, ಹಿತ್ತಲ ಗೂಡಿನಲ್ಲಿ ಎರಡು ಫೆರೆಟ್ ಇಟ್ಟರು, ವಾರದ ಊಟಕ್ಕೊಂದು ಮೊಲ ಆಯಿತು. ಯಾರ್ಕ್‌ಶೈರಿನ ಗಣಿಗಾರರ ಪಬ್ಬುಗಳಲ್ಲಿ ಫೆರೆಟ್ಟನ್ನು ಚಡ್ಡಿಯಿಲ್ಲದ ಪ್ಯಾಂಟಿನೊಳಗೆ ಬಿಟ್ಟುಕೊಂಡು ಯಾರು ಹೆಚ್ಚು ಹೊತ್ತು ತಡೆಯುತ್ತಾರೆ ಎಂಬ ಪಂದ್ಯವೂ ನಡೆಯುತ್ತಿತ್ತು. 1981ರಲ್ಲಿ ರೆಗ್ ಮೆಲ್ಲರ್ ಎಂಬ ಗಣಿ ಕಾರ್ಮಿಕ 5 ಗಂಟೆ 26 ನಿಮಿಷ ತಡೆದು ದಾಖಲೆ ಮಾಡಿದರು. ಇದಕ್ಕೆ ನಾನು ಯಾವ ವಿವರಣೆಯನ್ನೂ ಕೊಡಲಾರೆ.

ಮೊಲಗಳಿಂದ ನಿಜವಾಗಿಯೂ ಅಷ್ಟು ಹಾನಿಯಿದೆಯೇ?

ಇದೆ, ಆದರೆ ಎಲ್ಲ ಕಡೆ ಅಲ್ಲ, ಎಲ್ಲ ಕಾಲದಲ್ಲೂ ಅಲ್ಲ. ಒಂದು ಕುರಿ ಮೇಯುವಷ್ಟನ್ನು ಏಳರಿಂದ ಹತ್ತು ಮೊಲಗಳು ಮೇಯುತ್ತವೆ ಎಂಬುದು ರೈತರ ಹಳೆಯ ಲೆಕ್ಕ. ಗರ್ಭ ಕಟ್ಟಿದ ಒಂದೇ ತಿಂಗಳಲ್ಲಿ ಈಯುವ ಪ್ರಾಣಿಯ ಸಂಖ್ಯೆ ಬಲುಬೇಗ ಏರುತ್ತದೆ. 1954ರ ಕಾಯಿದೆಯ ಮೇರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ನೆಲದಲ್ಲಿ ಮೊಲಗಳನ್ನು ಹತೋಟಿಯಲ್ಲಿಡುವ ಹೊಣೆ ಆ ಭೂಮಿಯನ್ನು ಸಾಗುವಳಿ ಮಾಡುವವನದೇ.

ಆ ಕಾಯಿದೆ ಬರುವ ಹೊತ್ತಿಗೆ ಇನ್ನೊಂದು ಘಟನೆ ನಡೆದುಹೋಗಿತ್ತು. ಮಿಕ್ಸೊಮಟೋಸಿಸ್ ಎಂಬ ವೈರಸ್ ರೋಗ 1953ರಲ್ಲಿ ಕೆಂಟ್ ಪ್ರಾಂತ್ಯದ ಈಡನ್‌ಬ್ರಿಜ್ ಬಳಿ ಕಾಣಿಸಿಕೊಂಡು, ಎರಡೇ ವರ್ಷಗಳಲ್ಲಿ ದೇಶದ ಮೊಲಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚನ್ನು ಕೊಂದಿತು. ಕಣ್ಣು ಊದಿಕೊಂಡ ಮೊಲಗಳು ದಾರಿಯ ಮೇಲೆ ಕುರುಡಾಗಿ ಕುಳಿತಿರುತ್ತಿದ್ದುದನ್ನು ಆ ಕಾಲವನ್ನು ಕಂಡ ಮುದುಕರು ಇಂದಿಗೂ ಹೇಳುತ್ತಾರೆ. ರೈತರು ಮೊದಲು ಹಿಗ್ಗಿದರು. ಆದರೆ ಮೊಲ ಮೇಯುವುದು ನಿಂತ ಮೇಲೆ ಗುಡ್ಡಗಳ ಹುಲ್ಲು ಎತ್ತರ ಬೆಳೆದು ನೆಲ ತಂಪಾಯಿತು. ಬೆಚ್ಚಗಿನ ನೆಲ ಬೇಡುವ ಒಂದು ಜಾತಿಯ ಕೆಂಪಿರುವೆ ಕಡಿಮೆಯಾಯಿತು, ಆ ಇರುವೆಯ ಗೂಡಿನಲ್ಲೇ ಮರಿಹುಳುವಾಗಿ ಬೆಳೆಯುವ ಲಾರ್ಜ್ ಬ್ಲೂ ಎಂಬ ನೀಲಿ ಚಿಟ್ಟೆ 1979ರಲ್ಲಿ ಬ್ರಿಟನ್ನಿನಿಂದ ಕಾಣೆಯಾಯಿತು. ಸ್ವೀಡನ್ನಿನಿಂದ ತಂದು ಅದನ್ನು ಮತ್ತೆ ನೆಲೆಗೊಳಿಸಬೇಕಾಯಿತು.

1990ರ ದಶಕದಿಂದ ಹರಡಿರುವ ರಕ್ತಸ್ರಾವದ ಇನ್ನೊಂದು ವೈರಸ್ ರೋಗದಿಂದ ಮೊಲಗಳ ಸಂಖ್ಯೆ ಮತ್ತೆ ಕುಸಿದಿದೆ. ತವರಾದ ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ಈ ಮೊಲ ಅಳಿವಿನ ಅಂಚಿನ ಪ್ರಾಣಿಯೆಂದು 2019ರಲ್ಲಿ ಪಟ್ಟಿಗೆ ಸೇರಿತು. ಹೀಗಿರುವಾಗ ಪಿಡುಗು ನಿವಾರಣೆ ಎಂಬ ಮಾತನ್ನು ಪ್ರತಿ ಹೊಲಕ್ಕೂ ಬಳಸಲಾಗದು. ನಾನು ಕಂಡ ಒಳ್ಳೆಯ ಬೇಟೆಗಾರರು ಮೊಲ ವಿರಳವಾದ ಕಡೆ ವರ್ಷಗಟ್ಟಲೆ ಬಲೆ ಹಾಸದೆ ಬಿಟ್ಟಿದ್ದಾರೆ. ಪಿಡುಗಿನ ಮಾತು ಅವರಿಗೇ ಪೂರ್ತಿ ನಂಬಿಕೆಯ ಮಾತಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಇದು ಕ್ರೌರ್ಯವಲ್ಲವೇ?

ಪ್ರಾಣಿದಯೆಯ ಸಂಘಟನೆಗಳು ಹೌದೆನ್ನುತ್ತವೆ, ಅವರ ಆಕ್ಷೇಪದಲ್ಲಿ ತಳ್ಳಿಹಾಕಲಾಗದ ಅಂಶಗಳಿವೆ. ಬಿಲದೊಳಗೆ ಫೆರೆಟ್ಟಿನ ಕೈಗೆ ಸಿಕ್ಕ ಮೊಲದ ಸಾವು ಚುರುಕಾದದ್ದಲ್ಲ, ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಹೊರಗೆ ಓಡಿಬರುವ ಮೊಲದ ಭಯವನ್ನು ಅಳೆಯುವ ಮಾಪನ ಬೇಟೆಗಾರನ ಬಳಿ ಇಲ್ಲ, ಅಳೆಯಬೇಕೆಂಬ ಆಸೆಯೂ ಬಹಳ ಮಂದಿಗೆ ಇಲ್ಲ. ಇನ್ನೊಂದು ಕಡೆ, ವಿಷಾನಿಲ ಬಿಟ್ಟು ಬಿಲ ಮುಚ್ಚುವುದು, ಉರುಲು ಒಡ್ಡುವುದು, ವಾರಗಟ್ಟಲೆ ನರಳಿಸುವ ರೋಗ ಇವುಗಳ ಮುಂದೆ ಇಟ್ಟರೆ ಬಲೆ ಮತ್ತು ಪಳಗಿದ ಕೈಯ ಸಾವು ಬಹಳ ಬೇಗ ಮುಗಿಯುತ್ತದೆ. ಬಲೆಯಲ್ಲಿ ಸಿಕ್ಕಿದ್ದು ಬಸುರಿ ಮೊಲವೋ ಬೇರೆ ಪ್ರಾಣಿಯೋ ಆಗಿದ್ದರೆ ಬಿಟ್ಟುಬಿಡುವ ಅವಕಾಶವೂ ಇದೆ, ಅನಿಲಕ್ಕೆ ಆ ವಿವೇಚನೆ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕೊಲ್ಲುವ ವಿಧಾನಕ್ಕಿಂತ ಕೊಲ್ಲುವವನ ನಡತೆ ಹೆಚ್ಚು ಕಾಡುತ್ತದೆ. ರಾತ್ರಿ ಹೊತ್ತು ಪ್ರಖರ ದೀಪ ಬಿಟ್ಟು, ನಾಯಿಗಳನ್ನು ಛೂ ಬಿಟ್ಟು, ಸತ್ತ ಮೊಲಗಳ ರಾಶಿಯನ್ನು ಮೊಬೈಲಿನಲ್ಲಿ ಚಿತ್ರಿಸಿ ಹಂಚುವವರಿದ್ದಾರೆ. ಮೊದಲು ಹೇಳಿದ ಮೌನ, ನಂಬಿಕೆ, ಕಾಯುವಿಕೆ ಯಾವುದೂ ಅಲ್ಲಿ ಇರುವುದಿಲ್ಲ, ಉಳಿಯುವುದು ಎಣಿಕೆ ಮಾತ್ರ. ಇವರನ್ನು ಕಂಡರೆ ಹಳೆಯ ಬೇಟೆಗಾರರಿಗೂ ಆಗುವುದಿಲ್ಲ.

ಹಿಡಿದ ಮೊಲವನ್ನು ತಿನ್ನುತ್ತಾರೆಯೇ?

ತಿನ್ನುತ್ತಾರೆ. ಹೊಲದಲ್ಲೇ ಕರುಳು ತೆಗೆದು, ಒಂದು ಹಿಂಗಾಲಿನ ಸ್ನಾಯುವಿನ ಹಿಂದೆ ಸೀಳಿ ಇನ್ನೊಂದು ಕಾಲನ್ನು ಅದರಲ್ಲಿ ತೂರಿಸಿ ಕೋಲಿಗೆ ನೇತುಹಾಕಿ ಹೊರುತ್ತಾರೆ. ಮಾಂಸ ಬಿಳಿ, ಕೊಬ್ಬಿಲ್ಲದ್ದು, ಈರುಳ್ಳಿ ಮತ್ತು ಬೇರುತರಕಾರಿ ಹಾಕಿ ನಿಧಾನವಾಗಿ ಬೇಯಿಸಿದ ಸ್ಟ್ಯೂ ಅಥವಾ ಪೈ ರೂಪದಲ್ಲಿ ಉಣ್ಣುವುದು ಹೆಚ್ಚು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ಮನೆಮನೆಯ ಊಟವಾಗಿತ್ತು. ಮಿಕ್ಸೊಮಟೋಸಿಸ್ ಕಂಡ ಪೀಳಿಗೆ ಹೇಸಿ ಬಿಟ್ಟ ಮೇಲೆ ಈ ರುಚಿ ಊರಿನವರಲ್ಲಿ ಬಹುಮಟ್ಟಿಗೆ ಅಳಿದಿದೆ. ನಮ್ಮ ಮನೆಗೆ ಬಂದ ಮೊಲಕ್ಕೆ ಕೊತ್ತಂಬರಿಬೀಜ, ಚಕ್ಕೆ, ಲವಂಗ, ತೆಂಗಿನಕಾಯಿ ಅರೆದ ಸಾರು ಆಯಿತು, ಜೊತೆಗೆ ಮುದ್ದೆ. ನೆರೆಯ ರೈತರು ಎರಡನೆಯ ಸಲ ಬಡಿಸಿಕೊಂಡರು. ಮುದ್ದೆಯನ್ನು ಮಾತ್ರ ಅಗಿದರು. ತಲೆ, ಒಳಭಾಗಗಳಲ್ಲಿ ಬಹುಪಾಲು ಫೆರೆಟ್ಟಿಗೇ ಸಲ್ಲುತ್ತದೆ.

ಯಾರು ಬೇಕಾದರೂ ಹೋಗಿ ಹಿಡಿಯಬಹುದೇ?

ಇಲ್ಲ. ನೆಲದ ಒಡೆಯನ ಅಥವಾ ಸಾಗುವಳಿದಾರನ ಅನುಮತಿ ಇಲ್ಲದೆ ಹೋದರೆ ಅದು ಕಳ್ಳಬೇಟೆ, ರಾತ್ರಿಯ ಕಳ್ಳಬೇಟೆಗೆ 1828ರ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ತನ್ನ ಬೆಳೆ ಉಳಿಸಿಕೊಳ್ಳಲು ಮೊಲ ಹಿಡಿಯುವ ಹಕ್ಕನ್ನು ಗೇಣಿದಾರ ರೈತನಿಗೆ ಕೊಟ್ಟದ್ದು 1880ರ ಕಾಯಿದೆ. 2005ರ ಫೆಬ್ರವರಿ 18ರಂದು ಜಾರಿಗೆ ಬಂದ 2004ರ ಹಂಟಿಂಗ್ ಆಕ್ಟ್, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾಡುಪ್ರಾಣಿಗಳನ್ನು ನಾಯಿಗಳಿಂದ ಬೇಟೆಯಾಡುವುದನ್ನು ನಿಷೇಧಿಸಿದರೂ ಅನುಮತಿಯಿರುವ ನೆಲದಲ್ಲಿ ಮೊಲ ಮತ್ತು ಇಲಿಗಳಿಗೆ ವಿನಾಯಿತಿ ಇಟ್ಟಿತು. ಸ್ಕಾಟ್ಲೆಂಡಿನ 2023ರ ಕಾಯಿದೆ ಮೊಲವನ್ನೂ ತನ್ನ ವ್ಯಾಪ್ತಿಗೆ ತಂದು ಹೆಚ್ಚು ಬಿಗಿಯಾಗಿದೆ. ಅನುಮತಿಯನ್ನು ಕಾಗದದಲ್ಲಿ ಬರೆಸಿ ಜೇಬಿನಲ್ಲಿ ಇಟ್ಟುಕೊಳ್ಳುವುದು ವಾಡಿಕೆ, ನಮ್ಮಂಥ ಬಣ್ಣದವರಿಗೆ ಅದು ವಾಡಿಕೆಗಿಂತ ತುಸು ಹೆಚ್ಚಿನದು.

ಬಿಲ ತೋಡದೆ ಬಯಲಲ್ಲೇ ಮಲಗುವ ಹೇರ್ ಎಂಬ ದೊಡ್ಡ ಮೊಲ ಬೇರೆಯೇ ಪ್ರಾಣಿ. ಅದರ ಹಿಂದೆ ನಾಯಿ ಬಿಟ್ಟು ಪಣ ಕಟ್ಟುವುದು ಅಪರಾಧ, 2022ರಲ್ಲಿ ಶಿಕ್ಷೆಯನ್ನು ಇನ್ನಷ್ಟು ಹೆಚ್ಚಿಸಲಾಗಿದೆ. ಕನ್ನಡದಲ್ಲಿ ಎರಡಕ್ಕೂ ಮೊಲವೆಂದೇ ಹೇಳುವುದರಿಂದ ಈ ಭೇದವನ್ನು ನೆನಪಿಡಬೇಕು.

ಕರ್ನಾಟಕದಲ್ಲಿ ಇದನ್ನು ಮಾಡಬಹುದೇ?

ಮಾಡಬಾರದು, ಮಾಡಲು ಆಗುವುದೂ ಇಲ್ಲ. ನಮ್ಮ ಹೊಲಗಳ ಕಾಡುಮೊಲ ಮೇಲೆ ಹೇಳಿದ ಹೇರ್ ಜಾತಿಯದು, ಪೊದೆಯ ಮರೆಯಲ್ಲಿ ನೆಲ ತಗ್ಗು ಮಾಡಿಕೊಂಡು ಮಲಗುತ್ತದೆ, ಬಿಲ ತೋಡುವುದಿಲ್ಲ. ಬಿಲವೇ ಇಲ್ಲದ ಮೇಲೆ ಫೆರೆಟ್ಟಿಗೇನು ಕೆಲಸ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದನ್ನು ಬೇಟೆಯಾಡುವುದು ಅಪರಾಧ. ಯುಗಾದಿಯ ಆಸುಪಾಸಿನಲ್ಲಿ ಊರ ಗಂಡಸರೆಲ್ಲ ನಾಯಿ, ಬಲೆ, ದೊಣ್ಣೆ ಹಿಡಿದು ಹೊರಡುತ್ತಿದ್ದ ಪದ್ಧತಿಗೂ ಈ ಕಾಯಿದೆ ಅನ್ವಯಿಸುತ್ತದೆ.

ಆದರೆ ನಾಯಿಯ ಕೆಲಸ ಕಂಡು ಮನುಷ್ಯ ಹಿಗ್ಗುವ ಭಾವ ನಮಗೆ ಹೊಸದಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ, ಗ್ರೇಹೌಂಡಿನಂತೆಯೇ ಮೂಗಿಗಿಂತ ಕಣ್ಣನ್ನು ನಂಬಿ ಓಡುವ ಬೇಟೆನಾಯಿ. ಮೊಲವೇ ಅದರ ಹಳೆಯ ಗುರಿ, ಇಂದು ಅದು ಹೊಲ ಕಾಯುತ್ತದೆ. ಇದಕ್ಕೂ ಹಿಂದಿನ ಸಾಕ್ಷಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕ್ರಿ.ಶ. 949-50ರ ಆ ಕಲ್ಲಿನ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ ಏನು ಬೇಕೆಂದಾಗ ಮಣಲೇರನೆಂಬ ವೀರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಾಗ ಅವನು ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪಬ್ಬಿನಲ್ಲಿ ನಾಯಿಯ ಕತೆ ಹೇಳಿದ ರೈತರಿಗೆ ನಾನು ಇದನ್ನು ಹೇಳಿದೆ. ಅವರು ಬಹಳ ಹೊತ್ತು ಏನೂ ಹೇಳದೆ, ಹಂದಿ ಎಷ್ಟು ದೊಡ್ಡದಿತ್ತು ಎಂದು ಕೇಳಿದರು.

ಅಂದ ಹಾಗೆ, ಮೊಲವೇ ನಾಯಿಯನ್ನು ಅಟ್ಟಿಸಿದ ಜಾಗದಲ್ಲಿ ವಿಜಯನಗರ ಕಟ್ಟಿದರೆಂಬ ನಮ್ಮ ಐತಿಹ್ಯವನ್ನು ಅವರು ಒಪ್ಪಲಿಲ್ಲ.

ಬೇಟೆ ಚಳಿಗಾಲದಲ್ಲೇ ಏಕೆ? ಉಳಿದ ತಿಂಗಳಲ್ಲಿ ಫೆರೆಟ್ಟುಗಳು ಏನು ಮಾಡುತ್ತವೆ?

ಕಾಯಿದೆಯ ಪ್ರಕಾರ ಮೊಲಕ್ಕೆ ನಿಷೇಧದ ಋತುವಿಲ್ಲ. ಆದರೂ ಅಕ್ಟೋಬರಿನಿಂದ ಮಾರ್ಚಿನವರೆಗೆ ಮಾತ್ರ ಹೋಗುವುದು ಅವರ ಕಟ್ಟಳೆ. ಬೇಸಿಗೆಯಲ್ಲಿ ಮುಳ್ಳುಗಿಡ, ಹುಲ್ಲು ಬೆಳೆದು ಬಿಲದ ಬಾಯಿಗಳೇ ಕಾಣುವುದಿಲ್ಲ. ಒಳಗೆ ಎಳೆಮರಿಗಳಿರುವುದರಿಂದ ಫೆರೆಟ್ ಅವನ್ನು ಕೊಂದು ಅಲ್ಲೇ ಉಳಿಯುತ್ತದೆ, ಅದು ಬೇಟೆಗೂ ಕೆಟ್ಟದ್ದು, ನೋಡುವವನಿಗೂ ಹೇಸಿಗೆ.

ಫೆರೆಟ್ಟಿಗೆ ಬೇಸಿಗೆ ಸಂಸಾರದ ಕಾಲ. ಸುಮಾರು 42 ದಿನ ಗರ್ಭ ಹೊತ್ತು ಈಯುತ್ತದೆ. ಬೆದೆಗೆ ಬಂದ ಜಿಲ್ ಕೂಡದೆ ಉಳಿದರೆ ಬೆದೆ ಇಳಿಯದೆ ರಕ್ತಹೀನತೆಯಿಂದ ಸಾಯುವ ಅಪಾಯವಿರುವುದರಿಂದ, ಮರಿ ಬೇಡವೆನ್ನುವವರು ಪಶುವೈದ್ಯರಿಂದ ಚುಚ್ಚುಮದ್ದು ಹಾಕಿಸುತ್ತಾರೆ ಇಲ್ಲವೆ ಸಂತಾನಹರಣ ಮಾಡಿಸಿದ ಹಾಬ್ ಜೊತೆ ಬಿಡುತ್ತಾರೆ. ಸೆಕೆಯನ್ನು ಈ ಪ್ರಾಣಿ ತಾಳಲಾರದು, ಬಿಸಿಲ ದಿನಗಳಲ್ಲಿ ಗೂಡಿನ ಮೇಲೆ ಒದ್ದೆ ಗೋಣಿ ಹೊದಿಸಬೇಕಾಗುತ್ತದೆ. ನನ್ನ ನೆರೆಯವರು ಜೂನ್ ತಿಂಗಳ ಸಂಜೆಗಳಲ್ಲಿ ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು, ಹರಿದ ಬಲೆಯ ಕಣ್ಣುಗಳನ್ನು ಒಂದೊಂದಾಗಿ ಹೊಲಿಯುತ್ತಾರೆ. ಮುದಿಯಾಗಿ ಕಿವಿ ಕೇಳದಾದ ಆ ಹೆಣ್ಣುನಾಯಿ ಅವರ ಕಾಲ ಬಳಿ ಮಲಗಿರುತ್ತದೆ, ಕಿಟ್‌ಗಳು ಅದರ ಬಾಲ ಹಿಡಿದು ಎಳೆಯುತ್ತಿರುತ್ತವೆ.